ಮೂವರಿಗೆ ಒಂದು ಕಂಪ್ಯೂಟರು

ಹೋದ ತಿಂಗಳು ಒಂದು ಬೆಳಿಗ್ಗೆ ಆವರಗೆರೆಯ ನಮ್ಮ ಮನೆಯಲ್ಲಿ ಹೆಂಡತಿ ಹಳೇ ಲ್ಯಾಪ್‌ಟಾಪನ್ನು ನನ್ನ ಮುಂದೆ ತಂದಿಟ್ಟು, ತನ್ನದೂ ಮಗಳದೂ ಇಮೇಲ್ ಬೇರೆ ಬೇರೆ ಮಾಡಿಕೊಡಿ ಎಂದಳು. ಹತ್ತು ನಿಮಿಷದ ಕೆಲಸ. ಪಾಸ್‌ವರ್ಡ್ ಕೇಳುವ ಜಾಗಕ್ಕೆ ಬರುವಷ್ಟರಲ್ಲಿ ನನ್ನ ಕೈ ನಿಂತುಬಿಟ್ಟಿತು. ಯಾಕೆ ಎಂದು ಅವಳು ಕೇಳಿದಳು. ಅವಳಿಗೆ ಹೇಳಲಾಗಲಿಲ್ಲ. ನಿಮಗಾದರೆ ಹೇಳಬಹುದು, ನೀವು ನನ್ನ ಮುಖ ನೋಡುವುದಿಲ್ಲವಲ್ಲ.

ಹದಿನೈದು ವರ್ಷದ ಹಿಂದೆ ನಾನು ಮಂಡಿಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿಯೊಂದರಲ್ಲಿದ್ದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಕಂಪ್ಯೂಟರು, ಅದಕ್ಕೆ ಮೂವರು: ಸಾಹುಕಾರರು, ಸರಕು ಕಳಿಸುವ ನಾನು, ಪತ್ರವ್ಯವಹಾರ ನೋಡುವ ಗಿರಿಜಕ್ಕ. ಗಿರಿಜಕ್ಕ ದಿನಾ ಹರಿಹರದಿಂದ ಬಸ್ಸಿಗೆ ಬರುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ. ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಅವರ ಮದುವೆಯ ಮಾತು ಹಿಂದೆ ಬಿದ್ದಿತ್ತು. ನನ್ನನ್ನು ತಮ್ಮಾ ಎನ್ನುತ್ತಿದ್ದರು. ರೊಟ್ಟಿ ತಂದ ದಿನ ನನಗೊಂದು ತೆಗೆದಿಡುತ್ತಿದ್ದರು.

ನಾನು ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದೆ. ಆ ಯಂತ್ರವನ್ನು ನಾನೇ ಕಂಡುಹಿಡಿದಂತೆ ಆಡುತ್ತಿದ್ದೆ. ಮೂವರಿಗೂ ಇಮೇಲ್ ಬೇರೆ ಬೇರೆಯಾಗಿಯೇ ಮಾಡಿಕೊಟ್ಟೆ. ತೆರೆದರೆ ಯಾರದು ಎಂದು ಅದು ಕೇಳುತ್ತದೆ, ಆಮೇಲೆ ಪಾಸ್‌ವರ್ಡ್. ತನ್ನದು ಬೇರೆಯವರಿಗೆ ಕಾಣುವುದಿಲ್ಲ ತಾನೇ ಎಂದು ಗಿರಿಜಕ್ಕ ಕೇಳಿದಾಗ, ದೇವರಿಗೂ ಕಾಣುವುದಿಲ್ಲ ಎಂದು ಜಂಬದಿಂದ ಹೇಳಿದೆ.

ವಾರ ಕಳೆಯುವುದರೊಳಗೆ ಸಾಹುಕಾರರಿಗೆ ಬೇಸರ ಬಂತು. ಪ್ರತಿ ಸಲ ಯಾರು ಯಾರು ಅಂತ ಕೇಳ್ತೈತಲ್ಲ, ನನ್ನ ಅಂಗಡಿಯಾಗ ನಾನು ಯಾರು ಅಂತ ಹೇಳ್ಬೇಕೇನು ಎಂದರು. ಅವರನ್ನು ಮೆಚ್ಚಿಸುವ ಆತುರದಲ್ಲಿ ಮೂರನ್ನೂ ಒಂದರೊಳಗೇ ಹಾಕಿದೆ. ಈಗ ತೆರೆದ ಕೂಡಲೇ ಎಡಗಡೆ ಮೂರು ಹೆಸರು. ಯಾವುದನ್ನು ಒತ್ತಿದರೂ ಆ ಹೆಸರಿನವರ ಪತ್ರಗಳು. ಪಾಸ್‌ವರ್ಡನ್ನೂ ನೆನಪಿಟ್ಟುಕೊಳ್ಳುವಂತೆ ಮಾಡಿದ್ದೆ. ಗಿರಿಜಕ್ಕ ಅದನ್ನು ಕಂಡು ಏನಿದು ಎಂದರು. ಹೆಸರಷ್ಟೇ ಕಾಣುತ್ತದೆ, ಒಳಗಿನದು ನಿಮಗೆ ಮಾತ್ರ ಎಂದುಬಿಟ್ಟೆ. ಅವರು ನಂಬಿದರು.

ಒಂದು ಮಧ್ಯಾಹ್ನ ಸಾಹುಕಾರರು ಹಮಾಲರ ಮುಂದೆ, ಗಿರಾಕಿಗಳ ಮುಂದೆ ನಗುತ್ತ, "ಗಿರಿಜಮ್ಮಾರೆ, ನೀವು ಹೊಸಪೇಟೆ ಮೇಷ್ಟ್ರ ಮನಿ ಸೇರಿದ್ರೆ ನಮ್ಮ ಪತ್ರ ಬರೆಯೋರು ಯಾರ್ರಿ?" ಎಂದರು. ಎಲ್ಲರೂ ನಕ್ಕರು. ಗಿರಿಜಕ್ಕನಿಗೂ ಒಬ್ಬ ಮೇಷ್ಟ್ರಿಗೂ ಇಮೇಲಿನಲ್ಲಿ ಮದುವೆಯ ಮಾತು ನಡೆದಿದೆಯೆಂದು ನನಗೂ ಗೊತ್ತಾದದ್ದು ಆಗಲೇ. ಸಾಹುಕಾರರು ಅವರ ಪತ್ರ ತೆರೆದು ಓದಿದ್ದಾರೆಂಬುದೂ ಆ ಕ್ಷಣವೇ ತಿಳಿಯಿತು.

ಗಿರಿಜಕ್ಕ ನನ್ನನ್ನು ಗೋಡೌನಿನ ಬಾಗಿಲಿಗೆ ಕರೆದರು. "ತಮ್ಮಾ, ನಿಜ ಹೇಳು. ನನ್ನ ಪತ್ರ ಅದರಾಗ ಬ್ಯಾರೆಯೋರಿಗೆ ಕಾಣ್ತೈತೇನು?"

"ಸಾಧ್ಯನೇ ಇಲ್ಲಕ್ಕ" ಎಂದೆ.

ಅವರು ಊಟಕ್ಕೆ ಕೂತಾಗ ನಾನು ಮೂರನ್ನೂ ಮತ್ತೆ ಬೇರೆ ಮಾಡಿದೆ. ಸಾಹುಕಾರರಿಗೆ ವೈರಸ್ ಎಂದು ಹೇಳಿದೆ. ಮುಂದಿನ ತಿಂಗಳು ಗಿರಿಜಕ್ಕ ಕೆಲಸ ಬಿಟ್ಟರು. ಸಾಹುಕಾರರ ಹಾಸ್ಯದಿಂದ ಮನಸ್ಸಿಗೆ ನೋವಾಗಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಹೋದ ತಿಂಗಳು ಹೆಂಡತಿಯ ಇಮೇಲ್ ಕೆಲಸ ಮುಗಿಸಿದ ಮರುದಿನ ಹರಿಹರಕ್ಕೆ ಹೋದೆ. ಗಿರಿಜಕ್ಕ ಈಗ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ತಾಯಿ ತೀರಿಕೊಂಡು ಬಹಳ ವರ್ಷವಾಗಿದೆ. ನನ್ನನ್ನು ನೋಡಿ ಸಂತೋಷಪಟ್ಟು ಚಹಾ ಕೊಟ್ಟರು. ಆ ಚಹಾ ಮುಟ್ಟದೆ ಎಲ್ಲವನ್ನೂ ಹೇಳಿದೆ.

ಮಷಿನ್ನಿನ ಮೇಲಿದ್ದ ಬಟ್ಟೆಯನ್ನು ಅವರು ಮಡಿಸಿದರು. ಮತ್ತೆ ಬಿಚ್ಚಿದರು.

"ಹಂಗಾದ್ರೆ ಮೇಷ್ಟ್ರು ಯಾರಿಗೂ ಹೇಳಿರಲಿಲ್ಲ" ಎಂದರು. "ಅಣ್ಣನಿಗೆ ತಿಳಿಸೋತನಕ ಯಾರಿಗೂ ಹೇಳಬಾರದು ಅಂತ ಇಬ್ರೂ ಮಾತಾಡಿಕೊಂಡಿದ್ವಿ. ಅವರೇ ಬಾಯಿ ಬಿಟ್ರು ಅಂದ್ಕೊಂಡೆ. ಕೆಟ್ಟದಾಗಿ ಬರೆದೆ. ನಾ ಹೇಳಿಲ್ಲ ಅಂತ ಎರಡು ಸಲ ಬರೆದ್ರು ಪಾಪ. ನಾನು ಅವರನ್ನ ನಂಬಲಿಲ್ಲ. ನಿನ್ನ ನಂಬಿದೆ."

ಕಾಲು ಹಿಡಿದುಕೊಳ್ಳಬೇಕೆನಿಸಿತು, ಅದನ್ನು ಮಾಡಲೂ ನಾಚಿಕೆಯಾಯಿತು. ಏನು ಮಾಡಲಿ ಎಂದು ಕೇಳಿದೆ. "ಬರಿ" ಎಂದರು, "ನನಗಲ್ಲ, ಮೇಷ್ಟ್ರಿಗೆ, ನಿನ್ನ ಹೆಸರಿನಾಗೇ." ಆಮೇಲೆ ಯಾವ ಚೀಟಿಯನ್ನೂ ನೋಡದೆ, ಆ ಮೇಷ್ಟ್ರ ಇಮೇಲ್ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಹೇಳಿದರು. ನಾನು ಬರೆದುಕೊಂಡೆ.

ಏನನ್ನೂ ಮುಚ್ಚಿಡದೆ ಬರೆದು ಕಳಿಸಿದೆ. ಒಂಬತ್ತು ದಿನದ ಮೇಲೆ ಮೇಷ್ಟ್ರ ಉತ್ತರ ಬಂತು. ತಾವು ಹೇಳಿರಲಿಲ್ಲವೆಂದು ಗಿರಿಜಕ್ಕನಿಗೆ ತಿಳಿಯಿತಲ್ಲ, ಅಷ್ಟು ಸಾಕು. ಅವರ ಆರೋಗ್ಯ ಚೆನ್ನಾಗಿರಲಿ ಎಂದಿತ್ತು. ಮೇಷ್ಟ್ರು ತಮ್ಮ ಬಗ್ಗೆ ಏನೂ ಬರೆದಿರಲಿಲ್ಲ. ಕೂಡಲೇ ಫೋನ್ ಮಾಡಿ ಗಿರಿಜಕ್ಕನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಓದಿದೆ. "ಆತು ತಮ್ಮಾ" ಎಂದು ಫೋನ್ ಇಟ್ಟರು.

ಇಬ್ಬರೂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ, ಆಗಿನ ವಯಸ್ಸು, ಆಗಿನ ಭಯ ಎಂದು ಏನಾದರೂ ಹೇಳಿಕೊಳ್ಳಬಹುದಿತ್ತು.