ನೀರಿನ ಮೇಲೆ ಬಿದ್ದ ಚುಕ್ಕೆ

ಅವ್ವನ ತವರೂರು ಸೂಪಾ ಅಣೆಕಟ್ಟಿನ ನೀರಿನಡಿ ಇದೆ. ಅವಳು ಹುಡುಗಿಯಾಗಿದ್ದಾಗಲೇ ಊರು ಮುಳುಗಿತು. ಮುಂದೆ ಮದುವೆಯಾಗಿ ಹಳಿಯಾಳಕ್ಕೆ ಬರುವಾಗ, ತವರಿನವರು ಉಳಿಸಿಕೊಂಡಿದ್ದ ಆ ಊರಿನ ಕೆಂಪು ಭತ್ತದ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಇವತ್ತಿಗೂ ನಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ಅದನ್ನು ಬೆಳೆಯುತ್ತಾಳೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಆ ಭತ್ತದ ಬಗ್ಗೆ ಒಂದು ಕನ್ನಡ ವಿಜ್ಞಾನ ಪತ್ರಿಕೆಗೆ ಲೇಖನ ಬರೆಯುತ್ತೇನೆ ಎಂದಾಗ ಅವ್ವ ಕೇಳಿದ್ದು ಒಂದೇ ಮಾತು.

“ನಮ್ಮೂರು ಅದರಾಗ ಬರತೈತೇನ?”

“ಬರತೈತವ್ವಾ, ಬರದ ಎಲ್ಲಿ ಹೋಗತೈತಿ?” ಎಂದುಬಿಟ್ಟೆ.

ಅವಳ ರೇಷನ್ ಕಾರ್ಡಿನಲ್ಲಿ ಹಳಿಯಾಳ, ಆಧಾರ್ ಕಾರ್ಡಿನಲ್ಲಿ ಹಳಿಯಾಳ. ಹುಟ್ಟಿದ ಊರನ್ನು ಒಮ್ಮೆಯಾದರೂ ಅಚ್ಚಿನಲ್ಲಿ ನೋಡಬೇಕೆಂದು ಅವಳಿಗೆ ಆಸೆ. ಬೇರೆ ಏನನ್ನೂ ಅವಳು ನನ್ನಿಂದ ಬೇಡಿದವಳಲ್ಲ.

ಪತ್ರಿಕೆಗೊಂದು ಶೈಲಿ ಕೈಪಿಡಿಯಿತ್ತು. ನಿಯಮಗಳೆಂದರೆ ಮೂಗು ಮುರಿಯುವವಳು ನಾನಲ್ಲ. ಅಂಕಿಗೂ ಅಳತೆಗೂ ನಡುವೆ ಜಾಗ ಬಿಡದ ವಿದ್ಯಾರ್ಥಿಗಳ ಅಂಕ ಕತ್ತರಿಸಿ ಬೈಸಿಕೊಂಡವಳು. ‘ನಾನು’ ಬೇಡ ಎಂದರು, ತೆಗೆದೆ. ಕೊಳಗ ಬೇಡ ಎಂದರು, ಕಿಲೋಗ್ರಾಂ ಮಾಡಿದೆ. ಸಸ್ಯದ ಶಾಸ್ತ್ರೀಯ ಹೆಸರು ಓರೆ ಅಕ್ಷರದಲ್ಲಿರಬೇಕು ಎಂದರು, ಕನ್ನಡದ ದುಂಡು ಅಕ್ಷರಗಳನ್ನು ಕಷ್ಟಪಟ್ಟು ಓರೆ ಮಾಡಿದೆ.

ಕೊನೆಗೆ ತಳಿಯ ಮೂಲದ ಸಾಲು ಬಂತು. ಈಗಿನ ನಕಾಶೆಯಲ್ಲಿ ಇಲ್ಲದ ಊರಿನ ಹೆಸರು ಬಳಸುವಂತಿಲ್ಲವಂತೆ. ಬದಲಿಗೆ ಅಕ್ಷಾಂಶ, ರೇಖಾಂಶ ಕೊಡಬೇಕು.

ಆಗಲಿ ಎಂದು ಮೊಬೈಲಿನಲ್ಲಿ ಉಪಗ್ರಹದ ನಕಾಶೆ ತೆರೆದು ಅವ್ವನ ಮುಂದೆ ಹಿಡಿದೆ. ನೀಲಿ ನೀರನ್ನು ಅವಳು ಬಹಳ ಹೊತ್ತು ನೋಡಿದಳು. ದಂಡೆಯಲ್ಲಿ ಬೆನ್ನು ಬಾಗಿದಂತಿದ್ದ ಒಂದು ಗುಡ್ಡವನ್ನು ಗುರುತು ಹಿಡಿದಳು.

“ಈ ಗುಡ್ಡದ ಬುಡಕ್ಕ ಹೊಳಿ ತಿರುಗತಿತ್ತು. ಇಲ್ಲಿ ನಮ್ಮ ಗದ್ದಿ.”

ಅವಳ ಬೆರಳು ನಿಂತದ್ದು ನೀರಿನ ಮೇಲೆ. ಅಲ್ಲಿಯೇ ಚುಕ್ಕೆಯಿಟ್ಟು ಅಂಕಿಗಳನ್ನು ಬರೆದು ಕಳಿಸಿದೆ.

ವಾರ ಕಳೆಯುವಷ್ಟರಲ್ಲಿ ಧಾರವಾಡದಿಂದ ಸಂಪಾದಕರ ಫೋನು.

“ಮೇಡಂ, ನಿಮ್ಮ ಪಾಯಿಂಟು ನೀರಾಗ ಬಿದ್ದೈತಲ್ಲರೀ. ಜಲಾಶಯದ ನಟ್ಟನಡುವ ಭತ್ತ ಹೆಂಗ ಬೆಳೀತರೀ?”

“ಆವಾಗ ನೀರು ಇದ್ದಿಲ್ಲರೀ ಸರ್. ಲೇಖನದಾಗ ಬರದೇನಲ್ಲ.”

“ಓದೇನ್ರೀ. ಆದರ ಪಾಯಿಂಟು ನೆಲದ ಮ್ಯಾಲ ಇರಬೇಕು ಅಂತ ಕೈಪಿಡಿ ಹೇಳತೈತಿ. ಸುಮ್ನ ಹಳಿಯಾಳ ಅಂತ ಹಾಕೂಣು, ಬಿಡ್ರಿ.”

ಮೈ ಉರಿಯಿತು. ಮಾದರಿ ತೆಗೆದದ್ದು ಹಳಿಯಾಳದಲ್ಲಿ ನಿಜ. ತಳಿಯ ಮೂಲ ಹಳಿಯಾಳ ಎಂದು ಬರೆದರೆ ಅದು ಶುದ್ಧ ಸುಳ್ಳು. ಸುಳ್ಳು ಬರೆದರೆ ಕೈಪಿಡಿಗೆ ತೊಂದರೆಯಿಲ್ಲ, ನಿಜ ಬರೆದರೆ ತೊಂದರೆ! ಊರಿನ ಹೆಸರು ಹಾಕಿ ಎಂದೆ, ನಕಾಶೆಯಲ್ಲಿಲ್ಲ ಎಂದರು. ಅಡಿಟಿಪ್ಪಣಿಯಲ್ಲಾದರೂ ಹಾಕಿ ಎಂದೆ. ಬಾಯಿಮಾತಿನ ಆಧಾರ ನಡೆಯುವುದಿಲ್ಲ ಎಂದರು. ಆ ಊರಿನಲ್ಲಿ ಹುಟ್ಟಿದವಳು ನಮ್ಮ ಅಡುಗೆಮನೆಯಲ್ಲಿ ಅದೇ ಭತ್ತದ ಅಕ್ಕಿ ಆರಿಸುತ್ತಾ ಕೂತಿದ್ದಾಳೆ, ಅವಳು ಬಾಯಿಮಾತಂತೆ! ಗೋಡೆಯ ಜೊತೆ ಮಾತಾಡಿದ್ದರೂ ಇಷ್ಟು ಗಂಟಲು ಒಣಗುತ್ತಿರಲಿಲ್ಲ. ಅವರೇನೂ ಕೆಟ್ಟ ಮನುಷ್ಯರಲ್ಲ, ಪ್ರತಿ ಮಾತಿಗೂ ‘ರೀ’ ಹಚ್ಚುತ್ತಿದ್ದರು. ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರುತ್ತಿತ್ತು.

“ಮೂಲ ಹಳಿಯಾಳ ಅಂತ ಹಾಕೂದಾದರ ಲೇಖನನ ಬ್ಯಾಡರೀ,” ಎಂದೆ.

“ಆತು ಬಿಡ್ರಿ, ಹಳಿಯಾಳ ಹಾಕೂದಿಲ್ಲ. ಏನರ ಹಾದಿ ಹುಡುಕತೇನಿ,” ಎಂದು ಫೋನಿಟ್ಟರು. ನಾನು ನಂಬಿದೆ.

ಪತ್ರಿಕೆ ಅಂಚೆಯಲ್ಲಿ ಬಂದ ದಿನ ಅವ್ವ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಪುಟ ತಿರುವಿದೆ. ಊರಿನ ಹೆಸರಿಲ್ಲ. ಹಳಿಯಾಳವೂ ಇಲ್ಲ. ಅಕ್ಷಾಂಶ, ರೇಖಾಂಶ ಮಾತ್ರ ಇದ್ದವು.

“ಇದ ಏನು ನಮ್ಮೂರು?” ಅಂಕಿಗಳ ಮೇಲೆ ಬೆರಳಿಟ್ಟು ಅವ್ವ ಕೇಳಿದಳು.

ಹೌದೆನ್ನುವ ಮೊದಲು ತೋರಿಸಿಬಿಡೋಣ ಎಂದು ಆ ಅಂಕಿಗಳನ್ನು ಮೊಬೈಲಿಗೆ ಹಾಕಿದೆ. ಚುಕ್ಕೆ ನೀರಿನಲ್ಲಿರಲಿಲ್ಲ. ಅದನ್ನು ಅವರು ಹತ್ತಿರದ ನೆಲಕ್ಕೆ, ಆ ಬಾಗಿದ ಗುಡ್ಡದ ನೆತ್ತಿಗೆ, ನನ್ನನ್ನು ಒಂದು ಮಾತೂ ಕೇಳದೆ ಸರಿಸಿಬಿಟ್ಟಿದ್ದರು. ಈಗಲೇ ಫೋನ್ ಮಾಡುತ್ತೇನೆ, ತಿದ್ದುಪಡಿ ಹಾಕಿಸುತ್ತೇನೆ ಎಂದು ಕೂಗಾಡಿದೆ.

ಅವ್ವನಿಗೆ ನನ್ನ ಕೂಗಾಟ ಕೇಳಿಸಿದಂತೆ ಕಾಣಲಿಲ್ಲ. ಅವಳು ಆ ಗುಡ್ಡವನ್ನೇ ನೋಡುತ್ತಿದ್ದಳು.

“ಇಲ್ಲಿ ಭತ್ತ ಬೆಳೀತಿದ್ದಿಲ್ಲ,” ಎಂದಳು. “ಇಲ್ಲಿ ನಿಂತು ನೀರು ಏರೂದು ನೋಡಿದ್ವಿ. ಅಪ್ಪ ನನ್ನ ಕೈ ಬಿಟ್ಟಿದ್ದಿಲ್ಲ.”

ಆಮೇಲೆ ಪತ್ರಿಕೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು.

“ಅವರಿಗೆ ಹೇಳು. ಗದ್ದಿ ಇನ್ನೂ ನೀರಾಗನ ಐತಿ.”