ಸೈಕಲ್ ಸೀಟಿನ ಮೇಲೊಂದು ದಸ್ತಿ

ಬಸ್ಸಿನ ಕಿಟಕಿಯಿಂದ ದಸ್ತಿ, ಅಂದರೆ ಕರವಸ್ತ್ರ, ಒಗೆದು ಸೀಟು ಹಿಡಿಯುವ ವಿದ್ಯೆಯಲ್ಲಿ ನಾನು ಪಳಗಿದವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸವಣೂರಿನಿಂದ ಶಿಗ್ಗಾಂವಿಗೆ ದಿನಾ ಓಡಾಡುವ ಗುಮಾಸ್ತ ನಾನು. ಈ ವಿದ್ಯೆ ಬರದಿದ್ದರೆ ಅರ್ಧ ಆಯುಷ್ಯ ನಿಂತೇ ಕಳೆಯುತ್ತಿತ್ತು. ಹಿಂದಿನ ರಾಜರು ದಾನ ಕೊಟ್ಟ ಭೂಮಿಗೆ ಕಲ್ಲಿನಲ್ಲಿ ಶಾಸನ ಕೆತ್ತಿಸುತ್ತಿದ್ದರು; ಆಡೂರಿಗೆ ಹೋದರೆ ಈಗಲೂ ಹಳೆಯ ಶಾಸನಗಳನ್ನು ನೋಡಬಹುದು. ಆದರೆ ನಮ್ಮ ಅಂಗೈಯಗಲದ ದಸ್ತಿಗಿರುವ ಮರ್ಯಾದೆ ಆ ಕಲ್ಲಿಗೂ ಇದ್ದಂತಿಲ್ಲ. ದಸ್ತಿ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂಡುವುದಿಲ್ಲ, ಅಷ್ಟೇ.

ಇಂಥ ಮಂದಿ ಬಂದಿಳಿಯುವ ಶಿಗ್ಗಾಂವಿಗೆ ಸರ್ಕಾರ ಸೈಕಲ್ ಕೊಟ್ಟಿತು. ಬಸ್ಸಿಳಿದವರು ನಿಲ್ದಾಣದಲ್ಲಿ ಹೆಸರು ಬರೆಸಿ, ಕೀಲಿ ಇಸಿದುಕೊಂಡು, ಕೆಲಸದ ಜಾಗಕ್ಕೆ ತುಳಿದುಕೊಂಡು ಹೋಗಬೇಕು. ಸಂಜೆ ತಂದು ನಿಲ್ಲಿಸಬೇಕು. ಇದ್ದವು ಹನ್ನೆರಡೇ. ಮೊದಲ ವಾರವೇ ಯಾವನೋ ಜಾಣ ಸಂಜೆ ಮನೆಗೆ ಹೋಗುವಾಗ ಸೀಟಿಗೆ ದಸ್ತಿ ಕಟ್ಟಿ ಹೋದ. ಮರುದಿನ ಎಲ್ಲ ಸೈಕಲ್ಲಿಗೂ ದಸ್ತಿ! ಕಟ್ಟಿದವನು ರಜೆ ಹಾಕಿದರೂ ಸರಿ, ಅತ್ತೆಯ ಮನೆಗೆ ಹೋದರೂ ಸರಿ, ಸೈಕಲ್ಲು ದಿನವಿಡೀ ನಿಂತಲ್ಲೇ ನಿಲ್ಲುತ್ತದೆ. ಕೀಲಿ ಕಾಯುವ ಬಸಣ್ಣನನ್ನು ಕೇಳಿದರೆ, “ಅದಕ್ಕ ಮಂದಿ ಅದಾರ್ರಿ” ಅನ್ನುತ್ತಾನೆ. ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಇದಕ್ಕೆಲ್ಲ ಸೈಕಲ್ಲು ಸಾಲದಿರುವುದೇ ಕಾರಣ ಎಂದು ನಾನು ಅರ್ಜಿ ಬರೆದೆ. ಶಿಗ್ಗಾಂವಿಗೆ ಇನ್ನಷ್ಟು ಬೇಕು, ಹಾನಗಲ್ಲು, ಸವಣೂರು, ಹಿರೇಕೆರೂರಿಗೂ ಬೇಕು, ಅನುದಾನ ಹೆಚ್ಚಿಸಬೇಕು ಎಂದು ಊರೂರು ತಿರುಗಿ ಸಹಿ ಹಾಕಿಸಿದೆ. ಮೊದಲ ಸಹಿ ಶಾಂತಕ್ಕನದು. ದುಂಡಸಿಯಿಂದ ಬಸ್ಸಿಗೆ ಬಂದು, ಊರಾಚೆಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ಈ ಸೈಕಲ್ಲಿಗಾಗಿಯೇ ನಲವತ್ತೈದರಲ್ಲಿ ಬಿದ್ದು ಎದ್ದು ತುಳಿಯಲು ಕಲಿತವಳು. ನಡೆದು ಹೋದರೆ ಒಲೆ ಹೊತ್ತುವುದು ತಡ, ಹೆಡ್ಮಾಸ್ತರರಿಂದ ಬೈಗುಳ.

ಅರ್ಜಿ ನೋಡಿ ಜಿಲ್ಲೆಯಿಂದ ಸಾಹೇಬರು ಬಂದರು. ಸ್ವಾಗತಕ್ಕೆ ನಾನೂ ಇಸ್ತ್ರಿ ಅಂಗಿ ಹಾಕಿಕೊಂಡು ನಿಲ್ದಾಣಕ್ಕೆ ಹೋದೆ. ಹತ್ತು ಗಂಟೆಯಾದರೂ ಏಳು ಸೈಕಲ್ಲು ನಿಂತೇ ಇದ್ದವು.

“ಏನ್ರಿ ಇದು, ಸರ್ಕಾರದ ಸೈಕಲ್ ಮ್ಯಾಲೆ ಅರಿವಿ ಒಣಹಾಕೀರಿ?”

“ಅಲ್ರೀ ಸಾಹೇಬ್ರ, ಇವಕ್ಕೆಲ್ಲಾ ಮಂದಿ ಅದಾರ್ರಿ,” ಅಂದ ಬಸಣ್ಣ.

“ಎಲ್ಲೆ ಅದಾರ?”

“ಬರ್ತಾರ್ರಿ.”

ಸಾಹೇಬರು ಕಾಲು ಗಂಟೆ ಕಾದರು. ಯಾರೂ ಬರಲಿಲ್ಲ. ‘ಬೇಡಿಕೆ ಕಂಡುಬಂದಿಲ್ಲ’ ಎಂದು ಬರೆದುಕೊಂಡು ಜೀಪು ಹತ್ತಿದರು. ನಾಲ್ಕು ತಾಲೂಕಿಗೆ ಬರಬೇಕಿದ್ದ ಸೈಕಲ್ಲು ಅದೇ ಜೀಪಿನಲ್ಲಿ ಹೋದವು. ನನ್ನ ಸಿಟ್ಟು ನೆತ್ತಿಗೇರಿತು. ಈ ಮಂದಿಗೆ ಯಾವಾಗ ಬುದ್ಧಿ ಬರುತ್ತದೆ ಎಂದು ಕೂಗಾಡಿದೆ.

ಪಕ್ಕದಲ್ಲಿ ಶಾಂತಕ್ಕ ಚೀಲ ಹಿಡಿದು ನಿಂತಿದ್ದಳು. “ಸರ, ಆ ನೀಲಿ ಚೌಕಡಿ ದಸ್ತಿ ಯಾರದರಿ? ಮೂರು ದಿನಾ ಆತು, ಬಿಚ್ಚೇ ಇಲ್ಲ. ಅವರು ಬರ್ತಾರಂತ ಕಾದು ಕಾದು ನಾ ನಡಕೊಂತನ ಹೋಗಾಕತ್ತೇನಿ. ಪಾಪ, ಆ ಮನಶ್ಯಾ ಆರಾಮ ಅದಾನೋ ಇಲ್ಲೋ.”

ನಾನು ಆರಾಮವಾಗಿಯೇ ಇದ್ದೆ. ಮೂರು ದಿನದಿಂದ ಸಹೋದ್ಯೋಗಿಯ ಮೋಟರ್‌ಸೈಕಲ್ ಹಿಂದೆ ಕೂತು ನೇರ ಆಫೀಸಿಗೆ ಹೋಗುತ್ತಿದ್ದೆ. ನಾಳೆ ಅವನು ಕೈಕೊಟ್ಟರೆ ಇರಲಿ ಎಂದು ದಸ್ತಿ ಹಾಗೇ ಬಿಟ್ಟಿದ್ದೆ.

ನಾಚಿಕೆಯಿಂದ ಗಂಟು ಬಿಚ್ಚಿದೆ. “ತಗೋ ಅಕ್ಕಾ, ನನ್ನದ.”

ಶಾಂತಕ್ಕ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. “ಆರಾಮ ಅದೀರಲ್ಲ, ಸಾಕ ಬಿಡ್ರಿ,” ಎಂದು ಕೀಲಿ ಇಸಿದುಕೊಂಡು ಹೊರಟೇಬಿಟ್ಟಳು. ಉಳಿದ ಆರಕ್ಕೂ ಮಂದಿ ಇದ್ದರು, ಆದ್ದರಿಂದ ನಾನು ನಡೆದೆ. ದಾರಿಯಲ್ಲಿ ಬೆವರು ಒರೆಸಿಕೊಂಡಾಗ ದಸ್ತಿಯ ಮೂರು ದಿನದ ಧೂಳೆಲ್ಲ ಮುಖಕ್ಕೆ ಹತ್ತಿತು.