ಟೆಂಪೋ ಹತ್ತದ ಹುಡುಗಿಯರು

ಖಾಸಗಿ ಶಾಲೆ ಒಳ್ಳೆಯದೋ ಸರಕಾರಿ ಶಾಲೆ ಒಳ್ಳೆಯದೋ ಎಂದು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದ ದವಾಖಾನೆಯಲ್ಲಿ ಕೂಡ ಜನ ನನ್ನನ್ನು ಕೇಳಿದ್ದಾರೆ. ನೌಕರಿಯುದ್ದಕ್ಕೂ ಸರಕಾರಿ ಶಾಲೆಯ ಒಂದನೇ ತರಗತಿಗೆ ಕಲಿಸಿದವಳು ನಾನು, ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ. ಆದರೂ ಕೇಳುತ್ತಾರೆ, ಬಾಯಿ ತುಂಬ ಹಲ್ಲುನೋವು ಇದ್ದಾಗಲೂ ನಾನು ಹೇಳದೆ ಬಿಡುವುದಿಲ್ಲ. ಆ ಉತ್ತರಕ್ಕೆ ನಾನು ಹೇಗೆ ಬಂದೆ ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳದಿದ್ದರೂ ಈಗ ಹೇಳಿಬಿಡುತ್ತೇನೆ.

ನನ್ನ ತವರು ನಿಪ್ಪಾಣಿ ಕಡೆಯ ಭೋಜ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಬೈಗುಳ ಮಾತ್ರ ಎರಡರಲ್ಲೂ ಪೂರ್ತಿ. ಎಂಬತ್ತರ ದಶಕದ ಆರಂಭದಲ್ಲಿ ನೌಕರಿ ಸಿಕ್ಕಿದ್ದು ಕುಡಚಿ ಹತ್ತಿರದ ಶಾಲೆಯಲ್ಲಿ. ಕೆಲವು ವರ್ಷದ ಮೇಲೆ ರಾಯಬಾಗದ ಹತ್ತಿರದ ಹಳ್ಳಿಯೊಂದಕ್ಕೆ, ಕಬ್ಬಿನ ಹೊಲವಿದ್ದ ಕೂಡು ಮನೆತನಕ್ಕೆ ಸೊಸೆಯಾಗಿ ಬಂದೆ. ವರ್ಗವೂ ಅದೇ ಊರಿನ ಸರಕಾರಿ ಕನ್ನಡ ಶಾಲೆಗೆ ಆಯಿತು. ಹತ್ತು ಗಂಟೆಯ ತನಕ ತಲೆಯ ಮೇಲೆ ಸೆರಗು ಹೊತ್ತ ಸೊಸೆ, ಹತ್ತರ ನಂತರ ಊರ ಮಕ್ಕಳಿಗೆಲ್ಲ ಅಕ್ಕೋರು. ನಮ್ಮ ಕಡೆ ಹೆಣ್ಣು ಟೀಚರನ್ನು ಹಾಗೇ ಕರೆಯುವುದು. ಆ ಹೆಸರಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ.

ತೊಂಬತ್ತರ ದಶಕದ ನಡುವೆ ರಾಯಬಾಗದ ಒಂದು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಟೆಂಪೋ ನಮ್ಮ ಹಳ್ಳಿಗೂ ಬರತೊಡಗಿತು. ಟೈ ಕಟ್ಟಿ, ಬೂಟು ಹಾಕಿ, ತಲೆಗೆ ಎಣ್ಣೆ ಸುರಿದುಕೊಂಡು ಹುಡುಗರು ಚಾವಡಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಹುಡುಗರು ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಅವರ ಅಕ್ಕತಂಗಿಯರೂ ಚಾವಡಿಗೆ ಬರುತ್ತಿದ್ದರು, ಅಣ್ಣನ ಪಾಟಿಚೀಲ, ತಮ್ಮನ ಬುತ್ತಿ ಹೊತ್ತುಕೊಂಡು. ಅದನ್ನು ಟೆಂಪೋದೊಳಗೆ ಇಟ್ಟು, ಕೈ ಬೀಸಿ, ಬರಿಗಾಲಲ್ಲಿ ನನ್ನ ಶಾಲೆಗೆ ನಡೆದು ಬರುತ್ತಿದ್ದರು. ಒಂದು ದಿನ ಹಾಜರಿ ಕೂಗಿ ತಲೆ ಎತ್ತಿದರೆ ಎದುರಿಗೆ ಬರೀ ಜಡೆಗಳು. ಕುರಿಗಾರರ ಮನೆಯ ನಾಲ್ಕಾರು ಹುಡುಗರನ್ನು ಬಿಟ್ಟರೆ ಗಂಡುಮಕ್ಕಳೇ ಇಲ್ಲ. ನನಗೆ ಮೈ ಉರಿದುಹೋಯಿತು. ನನ್ನ ಶಾಲೆ ಬೇಡವೆಂದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಗಂಡಿಗೆ ಬೇಡವಾದದ್ದು ಹೆಣ್ಣಿಗೆ ಸಾಕು ಎಂದು ಊರಿಗೆ ಊರೇ ತೀರ್ಮಾನ ಮಾಡಿತ್ತು.

ಮೇ ತಿಂಗಳ ಕೊನೆಗೆ ಮನೆ ಮನೆಗೆ ಹೋಗಿ, ವಯಸ್ಸಿಗೆ ಬಂದ ಮಕ್ಕಳನ್ನು ಶಾಲೆಗೆ ಹಾಕಿರಿ ಎಂದು ಕೇಳುವುದು ನಮ್ಮ ಕೆಲಸದ ಭಾಗ. ಆ ವರ್ಷ ಮೊದಲು ಹೋದದ್ದು ಊರ ಹೊರಗಿನ ಕುರಿಗಾರರ ಮನೆಗೆ. ಅಂಗಳದಲ್ಲಿ ಅಜ್ಜಿಯೊಬ್ಬಳು ಉಣ್ಣೆ ಹಿಂಜುತ್ತ ಕೂತಿದ್ದಳು. ಅವಳ ಮುಂದೆ ಸರಕಾರಿ ಶಾಲೆಯ ಗುಣಗಾನ ಮಾಡಿದೆ. ಪುಸ್ತಕ ಪುಕ್ಕಟೆ, ಕಲಿಸುವವರು ತರಬೇತಿ ಆದವರು, ಮಗು ಕಣ್ಣಳತೆಯಲ್ಲೇ ಇರುತ್ತದೆ, ಮನೆಯ ಮಾತಲ್ಲೇ ಕಲಿಯುತ್ತದೆ. ಅಜ್ಜಿ ಎಲ್ಲ ಕೇಳಿಸಿಕೊಂಡಳು.

"ಎಲ್ಲಾ ಖರೇ ಐತ್ರಿ ಅಕ್ಕೋರ. ನಿಮ್ಮ ಮಗಳೂ ಈ ವರ್ಷ ಸಾಲಿ ವಯಸ್ಸಿಗಿ ಬಂದಾಳಂತ. ಆಕಿ ಎಲ್ಲಿ ಹೋಗತಾಳ್ರಿ, ನಿಮ್ಮ ಸಾಲಿಗೋ, ಟೆಂಪೋದಾಗೋ?"

"ಇನ್ನೂ ವಿಚಾರ ಮಾಡಾಕತ್ತೀವಿ" ಎಂದೆ.

"ಮಾಡ್ರಿ, ಮಾಡ್ರಿ. ನಿಮ್ಮ ವಿಚಾರ ಮುಗದ ಮ್ಯಾಲ ನಾವೂ ಮಾಡತೀವಿ."

ಒಳಗಿದ್ದ ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಅವರ್ಯಾರೂ ಅನ್ನಲಿಲ್ಲ, ನನಗೇ ಕೇಳಿಸಿತು. ದಾರಿಯುದ್ದಕ್ಕೂ ಅಜ್ಜಿಯನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಅವಳು ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ, ಸಿಟ್ಟು ಬಂದದ್ದೂ ಅದಕ್ಕೇ.

ನಮಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಮನೆಯಲ್ಲಿ ಆಗಲೇ ಒಂದು ಟೈ, ಒಂದು ಜೊತೆ ಬೂಟು ಇದ್ದವು. ಅವು ಭಾವನವರ ಮಗನವು. ಅವನು ಅದೇ ಟೆಂಪೋದಲ್ಲಿ ಹೋಗುತ್ತಿದ್ದ. ಅವನ ತಾಯಿ, ಅಂದರೆ ನನ್ನ ನೆಗೆಣ್ಣಿ, ಬೆಳಿಗ್ಗೆ ಎದ್ದು ಆ ಬೂಟಿಗೆ ಪಾಲಿಶ್ ಮಾಡುವುದನ್ನು ದೇವರ ಪೂಜೆಯಷ್ಟೇ ಮನಸ್ಸಿಟ್ಟು ಮಾಡುತ್ತಿದ್ದಳು. ಮಗಳನ್ನು ನನ್ನ ಶಾಲೆಗೇ ಹಾಕುತ್ತೇನೆ ಎಂದು ನಾನು ಬಾಯಿ ಬಿಟ್ಟ ಕೂಡಲೇ ಅಡ್ಡ ಬಂದವರು ಅತ್ತೆ. ಹೆಣ್ಣಿಗೆ ಯಾಕೆ ಖರ್ಚು ಎನ್ನುತ್ತಾರೆಂದು ಜಗಳಕ್ಕೆ ಸಿದ್ಧಳಾಗಿದ್ದೆ. ಅವರು ಹೇಳಿದ್ದೇ ಬೇರೆ.

"ಒಂದ ಒಲಿ ಮ್ಯಾಲ ಉಣ್ಣೂ ಮಕ್ಕಳು. ದೀಪಾವಳಿಗಿ ಎಲ್ಲಾರಿಗೂ ಒಂದ ತಾನಿನ ಅರಿವಿ ಹೊಲಸತೀವಿ. ಈಗ ಅವಗ ಬೂಟು, ಈಕಿಗಿ ಬರಿಗಾಲು ಅಂದ್ರ ಊರಾಗ ಏನ ಅಂದಾರು? ಹೆಣ್ಣಂತ ಹಿಂದ ಒಗದ್ರು ಅಂತಾರ. ಕಲತಾಕಿ ನೀನ, ನಿನಗ ತಿಳಿಯೂದಿಲ್ಲೇನ ಬೇ?"

ತಿಳಿಯಿತು. ಮಗಳನ್ನು ಟೆಂಪೋ ಹತ್ತಿಸಿದರೆ ನನ್ನ ಶಾಲೆಯ ಮೇಲೆ ನನಗೇ ನಂಬಿಕೆ ಇಲ್ಲವೆಂದಾಗುತ್ತದೆ. ನನ್ನ ಶಾಲೆಗೆ ಹಾಕಿದರೆ, ನೋಡಿರಿ, ಅಕ್ಕೋರ ಮನೆಯಲ್ಲೂ ಗಂಡಿಗೆ ಇಂಗ್ಲಿಷ್, ಹೆಣ್ಣಿಗೆ ಸರಕಾರ ಎಂದು ಊರಿಗೆ ಇನ್ನೊಂದು ನೆಪ ಸಿಗುತ್ತದೆ. ಗಂಡನನ್ನು ಕೇಳಿದರೆ, "ನೀವಿಬ್ಬರೂ ಕೂಡಿ ಏನ ಅಂತೀರೋ ಅದ" ಎಂದು ಹೇಳಿ, ಕಬ್ಬಿಗೆ ನೀರು ಬಿಡಬೇಕೆಂದು ಎದ್ದು ಹೋದರು. ಆ ಬೇಸಿಗೆ ನಮ್ಮ ಕಬ್ಬು ಕುಡಿದಷ್ಟು ನೀರನ್ನು ರಾಯಬಾಗ ತಾಲೂಕಿನ ಯಾವ ಕಬ್ಬೂ ಕುಡಿದಿರಲಿಕ್ಕಿಲ್ಲ.

ಸರಕಾರಿ ಶಾಲೆಯೆಲ್ಲ ಬಂಗಾರ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಸಹಿ ಮಾಡಿ ಹೊಲಕ್ಕೆ ಹೋಗುವ ಮಾಸ್ತರರನ್ನು ಕಂಡಿದ್ದೇನೆ. ಮಳೆ ಬಂದರೆ ನಮ್ಮ ಎರಡು ಕೋಣೆಯ ಮಕ್ಕಳೆಲ್ಲ ಒಂದೇ ಮೂಲೆಗೆ. ಆದರೆ ನನ್ನ ತರಗತಿ ನನಗೆ ಗೊತ್ತಿತ್ತು. ಬಹಳ ಮಕ್ಕಳು ಮನೆಯಲ್ಲಿ ಮರಾಠಿ ಆಡುವವರು. ಮೊದಲು ಮರಾಠಿಯಲ್ಲೇ ಕತೆ ಹೇಳಿ ನಗಿಸುತ್ತಿದ್ದೆ, ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಕತೆಯನ್ನು ಅವರಿಂದ ಕನ್ನಡದಲ್ಲಿ ಹೇಳಿಸುತ್ತಿದ್ದೆ. ದೀಪಾವಳಿ ರಜೆಯ ಮೇಲೆ ಬಸ್ಸಿನ ಬೋರ್ಡು ಓದದ ಮಗು ನನ್ನ ತರಗತಿಯಲ್ಲಿ ಇರುತ್ತಿರಲಿಲ್ಲ. ಇದು ಜಂಬ ಅನಿಸಿದರೆ ಅನಿಸಲಿ.

ಕೊನೆಗೆ, ಬಯ್ಯುವ ಮೊದಲು ಕಣ್ಣಿಂದ ನೋಡಿ ಬರೋಣ ಎಂದುಕೊಂಡೆ. ಜೂನ್ ಮೊದಲಲ್ಲಿ ಆ ಖಾಸಗಿ ಶಾಲೆಯಲ್ಲಿ ಪಾಲಕರ ಸಭೆ ಕರೆದಿದ್ದರು. ನೆಗೆಣ್ಣಿಯ ಜೊತೆ ಮಗಳನ್ನೂ ಕರೆದುಕೊಂಡು ಹೋದೆ. ಸುಳ್ಳು ಹೇಳಬಾರದು, ಶಾಲೆ ಚೊಕ್ಕಟವಾಗಿತ್ತು. ತರಗತಿಗೊಬ್ಬ ಟೀಚರ್, ಗೋಡೆಯ ತುಂಬ ಬಣ್ಣದ ಚಿತ್ರ, ನಳದಲ್ಲಿ ನೀರು. ಹುಡುಗಿಯರ ಪಾಯಖಾನೆಗೆ ಬಾಗಿಲಿತ್ತು, ಒಳಗಿನಿಂದ ಚಿಲಕವಿತ್ತು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಹುಡುಗನ ತರಗತಿಯ ಮಿಸ್ಸು ಪಿನ್ನು ಚುಚ್ಚಿದ ಗರಿಗರಿ ಸೀರೆಯಲ್ಲಿ ಎದ್ದು ಬಂದು ನೆಗೆಣ್ಣಿಗೆ ಇಂಗ್ಲಿಷಿನಲ್ಲಿ ಏನೋ ಅಂದಳು. ನೆಗೆಣ್ಣಿ ಹೆದರಿ ನನ್ನ ಹಿಂದೆ ಸರಿದಳು. ಆಗ ಮಿಸ್ಸು ನನ್ನ ಮುಖ ನೋಡಿದಳು.

"ಅಕ್ಕೋರ!" ಎಂದು ಎರಡೂ ಕೈ ಹಿಡಿದುಕೊಂಡಳು.

ಕುಡಚಿ ಹತ್ತಿರದ ನನ್ನ ಮೊದಲ ಶಾಲೆಯ ಹುಡುಗಿ. ಸ್ಟೇಶನ್ ಮುಂದೆ ಹಣ್ಣಿನ ಅಂಗಡಿ ಇಟ್ಟವರ ಮಗಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ಕನ್ನಡ ಮಾತ್ರ ನನ್ನ ಮುಂದೆ ಕೂತು ಕಲಿತವಳು. ಈಗ ನಮ್ಮೂರ ಗಂಡುಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲಿಗೆ ಯಾಕೆ ಬಂದೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು.

ನೆಗೆಣ್ಣಿ ಹುಡುಗನ ಬರೆಯುವ ವಹಿ ನೋಡಲು ಆಚೆ ಹೋದಾಗ ದನಿ ಇಳಿಸಿ ಕೇಳಿದೆ.

"ಖರೇ ಹೇಳವ್ವಾ. ನನ್ನ ಮಗಳ್ನ ಇಲ್ಲಿ ಹಾಕಲೇನ?"

"ಹಾಕ್ರಿ ಅಕ್ಕೋರ, ನಾ ಇರೂ ತನಕ ಚಲೋ ನೋಡ್ಕೋತೀನಿ. ಆದ್ರ ನಾ ಎಷ್ಟ ದಿನಾ ಇರತೀನೋ ಗೊತ್ತಿಲ್ರಿ. ಸರಕಾರಿ ಸಾಲಿ ನೌಕರಿಗಿ ಅರ್ಜಿ ಹಾಕೀನಿ. ಇಲ್ಲಿ ಕಲಸೂವರು ಎಲ್ಲಾರೂ ಹಾಕ್ಯಾರ."

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇಲ್ಲಿ ಕಲಿಸುವವರಿಗೆ ನಮ್ಮ ಶಾಲೆಯ ನೌಕರಿ ಬೇಕು, ನಮ್ಮಲ್ಲಿ ಕಲಿಸುವವರ ಮಕ್ಕಳಿಗೆ ಈ ಶಾಲೆ ಬೇಕು. ಅವಳೂ ನಕ್ಕಳು. ಅವಳ ಜೊತೆ ಸಣ್ಣ ತಮ್ಮನೊಬ್ಬ ಶಾಲೆಯ ಬಾಗಿಲ ತನಕ ಬರುತ್ತಿದ್ದದ್ದು ನೆನಪಾಗಿ, ಅವನೇನು ಮಾಡುತ್ತಾನೆ ಎಂದು ಕೇಳಿದೆ.

"ಅವನ್ನ ಮಿರಜಕ್ಕ ಇಂಗ್ಲಿಷ ಸಾಲಿಗಿ ಹಾಕಿದ್ರು. ನಡುವ ಬಿಟ್ಟ ಬಂದ, ಈಗ ಅಂಗಡ್ಯಾಗ ಕುಂದರತಾನ. ಅವಗ ದೊಡ್ಡ ಸಾಲಿ ಹುಡಕಿದ್ರು. ನನಗ ಯಾರೂ ಏನೂ ಹುಡಕಲಿಲ್ಲ, ನೀವ ಸಿಕ್ಕಿದ್ರಿ."

ಕಣ್ಣಲ್ಲಿ ನೀರು ಬಂತು. ಅದನ್ನು ಮರೆಮಾಡಲು, ಹಲಗೆಯ ಮೇಲಿನ ಸಾಲು ಸೊಟ್ಟಗಾಗಿದೆ ಎಂದು ಅವಳನ್ನು ಗದರಿದೆ. ಅವಳು ಒರೆಸಿ ನೆಟ್ಟಗೆ ಬರೆದಳು.

ವಾಪಸು ಬರುವ ಬಸ್ಸಿನಲ್ಲಿಯೇ ನನ್ನ ವಿಚಾರ ಮುಗಿದಿತ್ತು. ಮನೆಗೆ ಬಂದು, ಮಗಳು ನನ್ನ ಶಾಲೆಗೇ ಎಂದೆ. ಅತ್ತೆ ಮತ್ತೆ ಬೂಟಿನ ಮಾತು ತೆಗೆದರು.

"ಬೂಟ ಈಕಿಗೂ ಕೊಡಸತೀನಿ ಅತ್ತಿ. ಸರಕಾರಿ ಸಾಲಿಗಿ ಬರಿಗಾಲಿಲೆ ಬರ್ರಿ ಅಂತ ಸರಕಾರ ಎಲ್ಲೂ ಹೇಳಿಲ್ಲ."

ಅತ್ತೆಗೆ ಅರ್ಧ ಸಮಾಧಾನವಾಯಿತು. ಉಳಿದರ್ಧಕ್ಕೆ, ಬೂಟು ತಾವೇ ಆರಿಸುತ್ತೇವೆಂದು ಸಂತೆಗೆ ಬಂದರು. ಹುಡುಗನದಕ್ಕಿಂತ ಹೊಳೆಯುವ ಜೊತೆಯನ್ನೇ ಹುಡುಕಿದರು.

ಮೊದಲ ದಿನ ಮಗಳ ಕೈ ಹಿಡಿದು ಹೊರಟೆ. ಚಾವಡಿಯ ಮುಂದೆ ಟೆಂಪೋ ನಿಂತಿತ್ತು. ಅವಳ ಅಣ್ಣ, ಅಂದರೆ ಭಾವನವರ ಮಗ, ಹತ್ತಿ ಕಿಟಕಿಯ ಪಕ್ಕ ಕೂತ. ಹುಡುಗಿಯರು ಚೀಲ ಒಳಗಿಟ್ಟು ಕೆಳಗಿಳಿದರು. ಮಗಳು ಅವರನ್ನು ನೋಡಿದಳು, ಟೆಂಪೋದೊಳಗೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಅವ್ವಾ, ನಾ ಹೆಣ್ಣಂತ ಟೆಂಪೋದಾಗ ಕಳಸಲಿಲ್ಲೇನ?"

ಐದು ವರ್ಷ ಮುಗಿದ ಮಗುವಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದಿನಾ ಚಾವಡಿಯಲ್ಲಿ ನೋಡುತ್ತ ತಾನೇ ಲೆಕ್ಕ ಹಾಕಿತ್ತು. ಅತ್ತೆಗೆ ಕೊಟ್ಟ ಉತ್ತರ, ಊರಿಗೆ ಕೊಡಬೇಕೆಂದುಕೊಂಡ ಉತ್ತರ ಎರಡೂ ಅಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ನಾನು ಬಗ್ಗಿ ಹೇಳಿದೆ.

"ಅಲ್ಲ ನಮ್ಮವ್ವ. ಆ ಸಾಲ್ಯಾಗ ನಾ ಇಲ್ಲಲ್ಲ, ಅದಕ್ಕ."

ಅವಳು ಟೆಂಪೋದ ಕಿಟಕಿಯ ಕಡೆ ಬೆರಳು ತೋರಿಸಿದಳು. "ಹಂಗಾದ್ರ ಅಣ್ಣ ಯಾಕ ಅಲ್ಲಿ ಹೋಗತಾನ?"

"ಅದನ್ನ ನಿಮ್ಮ ದೊಡ್ಡವ್ವನ್ನ ಕೇಳು" ಎಂದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆ ವಾರ ಕುರಿಗಾರರ ಅಜ್ಜಿ ತಾನೇ ಮೊಮ್ಮಗನನ್ನು ಎಳೆದುಕೊಂಡು ಬಂದು ನನ್ನ ಮಗಳ ಪಕ್ಕದಲ್ಲಿ ಕೂಡಿಸಿ ಹೋದಳು. ಟೆಂಪೋದಿಂದ ಮಾತ್ರ ಯಾರೂ ಇಳಿಯಲಿಲ್ಲ.

ಆದರೆ ನನ್ನ ಮಗಳು ಕೇಳು ಎಂದದ್ದನ್ನು ಕೇಳದೆ ಬಿಡುವವಳಲ್ಲ. ಒಂದು ಸಂಜೆ ಮಕ್ಕಳು, ಗಂಡಸರು ಊಟಕ್ಕೆ ಕೂತಿದ್ದರು. ನೆಗೆಣ್ಣಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ನಾನು ಬಡಿಸುತ್ತಿದ್ದೆ.

"ದೊಡ್ಡವ್ವಾ, ಅಣ್ಣನ್ನ ನಮ್ಮ ಸಾಲಿಗಿ ಯಾಕ ಕಳಸೂದಿಲ್ಲ? ಅಲ್ಲಿ ನಮ್ಮವ್ವ ಅದಾಳ."

ನೆಗೆಣ್ಣಿ ಕೆಟ್ಟವಳಲ್ಲ. ಬೇಸಿಗೆಯ ಆ ಜಗಳದಲ್ಲೂ ನನ್ನ ಮಗಳಿಗೆ ಮೊದಲ ಬಿಸಿ ರೊಟ್ಟಿ ಕೊಟ್ಟವಳು. ಅವಳು ಕೈ ನಿಲ್ಲಿಸಿ, ಬಹಳ ಮೆತ್ತಗೆ, ಮಗುವಿಗೆ ಏನೋ ಹಗುರ ಮಾಡಿಕೊಡುವವಳ ಹಾಗೆ ಹೇಳಿದಳು.

"ಅವಾ ಕಲೀಲಿಲ್ಲಂದ್ರ ನಾಳೆ ಎಲ್ಲಾರೂ ನನ್ನ ಕೇಳತಾರವ್ವಾ. ನೀ ಕಲೀಲಿಲ್ಲಂದ್ರ ಯಾರ ಕೇಳತಾರ?"

ಭಾವನವರು ತಲೆ ಎತ್ತಲಿಲ್ಲ. ಅತ್ತೆ ನನ್ನ ಕಡೆ ನೋಡಿದರು. ಆ ಮಾತು ನೆಗೆಣ್ಣಿಯದಷ್ಟೇ ಅಲ್ಲ, ಊರಿನದು, ಯಾಕೆ ಕಲಿಯಲಿಲ್ಲವೆಂದು ಅವಳನ್ನೂ ಯಾರೂ ಕೇಳಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಮೂರನೇ ತರಗತಿಗೇ ಶಾಲೆ ಬಿಡಿಸಿದ್ದರು ಅವಳನ್ನು.

"ನಾ ಕೇಳತೀನಿ ಅಕ್ಕಾ" ಎಂದೆ. "ಈಕಿನ್ನ ಅಷ್ಟ ಅಲ್ಲ. ಟೆಂಪೋದಾಗ ಚೀಲ ಇಟ್ಟ ಬರತಾವಲ್ಲ, ಆ ಹುಡಿಗೇರನ್ನ ಎಲ್ಲಾರನೂ ಕೇಳತೀನಿ."

ಮರುದಿನ ಬೆಳಿಗ್ಗೆ ತರಗತಿಯಲ್ಲಿ ಆ ಹುಡುಗಿಯರ ಮುಂದೆ ನಿಂತು, ನಿನ್ನೆ ಏನು ಕಲಿತಿರಿ ಎಂದು ಒಬ್ಬೊಬ್ಬಳನ್ನೇ ಕೇಳಲು ಶುರು ಮಾಡಿದೆ, ನಿವೃತ್ತಿಯಾಗುವ ದಿನದ ತನಕ ಕೇಳಿದೆ.